ಬೀಗಿತ್ತಿಯ ಕೈಗೆ ಬಂದ ಚೌರಿ

ಜಡೆ ಅಸಲಿಯೋ ಎಂದು ವರನ ತಾಯಿ ಮೆಲ್ಲಗೆ ಎಳೆದು ನೋಡಿದರು; ನನ್ನ ತಂಗಿಯ ಅರ್ಧ ಜಡೆ ಅವರ ಕೈಗೇ ಬಂತು. ತೆಳ್ಳನೆಯ ಕೂದಲು ದಪ್ಪ ಕಾಣಲೆಂದು ಅಮ್ಮ ಕೋಡಂಬಾಕ್ಕಂ ಸಿನಿಮಾ ಸ್ಟುಡಿಯೋದ ಮೇಕಪ್ಪಿನವನಿಂದ ತರಿಸಿ ಕಟ್ಟಿದ್ದ ಚೌರಿ ಅದು. ಅಪ್ಪ ಕ್ಷಮೆ ಕೇಳುವುದೋ ಕಾಫಿ ಕೊಡುವುದೋ ತಿಳಿಯದೆ ಲೋಟ ಹಿಡಿದು ನಿಂತರು. ಮುರಿದುಬಿದ್ದ ಸಂಬಂಧಕ್ಕೆ ನಾನು ಎದ್ದು ನಿಂತು ಮೌನ ಆಚರಿಸಿದೆ.

ವರನ ತಾಯಿ ತಂಗಿಯನ್ನು ಮುಂದೆ ಕೂರಿಸಿಕೊಂಡರು. "ಬುಡದಿಂದಲೇ ಸೇರಿಸಿ ಹೆಣೀಬೇಕು ಕಣೇ. ನಂದೂ ಚೌರೀನೇ, ಎಳೆದು ನೋಡು, ಬರತ್ತಾ?" ಎನ್ನುತ್ತ ಮತ್ತೆ ಹೆಣೆದು, ತಾವು ತಂದಿದ್ದ ಮಲ್ಲಿಗೆಯನ್ನು ಮುಡಿಸಿಯೇಬಿಟ್ಟರು. ಹೂ ಮುಡಿಸಿದರೆ ಹೆಣ್ಣನ್ನು ಒಪ್ಪಿದಂತೆ.

ತಂಗಿ ಆ ಮನೆ ಸೇರಿ ವರ್ಷಗಳಾದವು. ಅಂದು ನಾವು ಸಿಕ್ಕಿಬಿದ್ದೆವೋ, ಪಾಸಾದೆವೋ, ನನಗಿನ್ನೂ ತಿಳಿದಿಲ್ಲ.