ಬ್ರೇಕ್ ಹಿಡಿದ ಚಾಂಪಿಯನ್

"ಸೈಕಲ್ ರೇಸಲ್ಲಿ ನನ್ನನ್ನ ಸೋಲಿಸೋ ಗಂಡು ನಮ್ಮ ಜಿಲ್ಲೇಲೇ ಇಲ್ಲ. ಮೂರು ವರ್ಷವೂ ಕಾಲೇಜ್ ಚಾಂಪಿಯನ್!"

ದಾವಣಗೆರೆಯ ಖುರ್ಷಿದ್ ಹೀಗೆಂದು ಸ್ವೀಡನ್ನಿನ ಲಿಂಕೋಪಿಂಗಿನ ವಿದ್ಯಾರ್ಥಿ ನಿಲಯದ ಅಡುಗೆಮನೆಯಲ್ಲಿ, ಮೊಟ್ಟೆ ಒಡೆಯುತ್ತಾ, ಇಂಗ್ಲಿಷಿನಲ್ಲಿ ಘೋಷಿಸಿದ್ದು 2007ರ ವಸಂತದಲ್ಲಿ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಒಂದು ಪದವನ್ನು ಬಿಟ್ಟಿದ್ದ, ಅಷ್ಟೆ.

ಪಾಪ, ಅವನ ಕಷ್ಟವೂ ಸಣ್ಣದಲ್ಲ. ಎಂ.ಎಸ್. ಓದಲು ಬಂದು ಎಂಟು ತಿಂಗಳಾಗಿತ್ತು. ಅವನ ಕಾರಿಡಾರಿನಲ್ಲಿ ಎಂಟು ರೂಮು, ಒಂದು ಅಡುಗೆಮನೆ, ಮತ್ತು ಫ್ರಿಜ್ಜಿನೊಳಗೆ ಹಾಲು ಮೊಸರಾಗುವ ಸದ್ದು ಕೇಳಿಸುವಷ್ಟು ಮೌನ. ಉಳಿದ ಏಳು ಜನ, ಹೊರಗೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಬಾಗಿಲು ತೆರೆಯುತ್ತಿದ್ದರು. ಇಡೀ ಚಳಿಗಾಲ ಖುರ್ಷಿದನ ಮಾತಿಗೆ ಉತ್ತರ ಕೊಟ್ಟದ್ದು ಅವನ ರೈಸ್ ಕುಕ್ಕರ್ ಒಂದೇ. ಅದೂ 'ಟಕ್' ಎಂದು ಮುಗಿಸಿಬಿಡುತ್ತಿತ್ತು.

ಅಂದು ಆ ಏಳು ಜನ, ಕಾರಿಡಾರುಗಳ ನಡುವಿನ ಸೈಕಲ್ ರೇಸಿಗೆ ತಮ್ಮಲ್ಲಿ ಯಾರೂ ಇಲ್ಲವೆಂದು ಕೊರಗುತ್ತಾ ಕೂತಿದ್ದರು. ಇವನು ಬಾಯಿ ಬಿಟ್ಟ. ಏಳು ತಲೆ ತಿರುಗಿದವು. ಪಕ್ಕದ ರೂಮಿನ ಲಿನ್ನೆಯಾ ಮೊಟ್ಟಮೊದಲ ಬಾರಿಗೆ ಅವನ ಹೆಸರು ಕೇಳಿದಳು. ಮರುದಿನದಿಂದ ಫಿಕಾಗೆ ಅವನಿಗೂ ಕರೆ: ಕಾಫಿ, ದಾಲ್ಚಿನ್ನಿ ಬನ್ನು, ಹವಾಮಾನದ ಬಗ್ಗೆ ಗಂಭೀರ ಚರ್ಚೆ. ಖುರ್ಷಿದನಿಗೆ ಸ್ವರ್ಗ ಮೂರೇ ಗೇಣು.

ಆ ಸ್ವರ್ಗಕ್ಕೆ ಕಲ್ಲು ಹಾಕಿದವನು ಯೋಗೀಶ. ಖುರ್ಷಿದನದೇ ಕಾಲೇಜಿನ ಹಳೇ ವಿದ್ಯಾರ್ಥಿ, ಲಿಂಕೋಪಿಂಗಿನಲ್ಲಿ ಒಂಬತ್ತು ವರ್ಷದ ಹಳೇ ಎಂಜಿನಿಯರು. ಎಲ್ಲದರಲ್ಲೂ ಮೊದಲು ಬರುವುದು ಅವನ ವ್ರತ. ತೆರಿಗೆ ಲೆಕ್ಕ ಇಡೀ ಊರಿಗಿಂತ ಮೊದಲು ಕಳಿಸುವವನು ಅವನೇ. ಮಗುವನ್ನು ದಾಗಿಸ್‌ಗೆ, ಅಂದರೆ ಶಿಶುವಿಹಾರಕ್ಕೆ, ಎಷ್ಟು ಬೇಗ ತಲುಪಿಸುತ್ತಿದ್ದನೆಂದರೆ, ಅಲ್ಲಿನ ಟೀಚರಿಗೆ ಬಾಗಿಲು ತೆಗೆದು ಸ್ವಾಗತಿಸುತ್ತಿದ್ದದ್ದೇ ಆ ಮಗು. ಎದುರು ಮನೆಯವರಿಗೆ ಮಾತ್ರ ಅವನ ಹೆಸರು ಇನ್ನೂ ಗೊತ್ತಿರಲಿಲ್ಲ.

ಭಾನುವಾರ ಖುರ್ಷಿದ್ ಅವನ ಮನೆಗೆ ಊಟಕ್ಕೆ ಹೋಗಿ ಈ ಸುದ್ದಿ ಹೇಳಿದಾಗ ಯೋಗೀಶ ಸಾರನ್ನದ ಮೇಲೆಯೇ ನಗು ಚೆಲ್ಲಿದ. "ಲೇ, ಅದು ಸ್ಲೋ ಸೈಕಲ್ ರೇಸ್ ಅಲ್ವೇನೋ! ಕೊನೇಲಿ ಬಂದೋನು ಗೆಲ್ಲೋದು!"

"ಕಾಲು ನೆಲಕ್ಕೆ ತಾಗಿಸ್ದೆ ನಿಲ್ಲೋದು ಎಷ್ಟು ಕಷ್ಟ ಗೊತ್ತಾ ಅಣ್ಣ?"

"ಗೊತ್ತು. ಬಸ್ ಸ್ಟಾಪೂ ಹಾಗೇ ಕಷ್ಟಪಟ್ಟು ನಿಂತಿದೆ."

"ರೀ, ಸುಮ್ನೆ ಊಟ ಮಾಡೋಕೆ ಬಿಡಿ ಅವನನ್ನ," ಎಂದಳು ಹೆಂಡತಿ ಪದ್ಮಿನಿ. "ಹೋಗಿ ನಿಜ ಹೇಳ್ಬಿಡಪ್ಪ."

"ಹೇಳಿದ್ರೆ ಮತ್ತೆ ಯಾರೂ ಮಾತಾಡ್ಸಲ್ಲ ಅಕ್ಕ. ಮತ್ತೆ ಆ ಕುಕ್ಕರ್ರೇ ಗತಿ."

ರೇಸಿನ ದಿನ ಬಂತು. ರೋಕ್ಸೆನ್ ಸರೋವರದವರೆಗೆ ಹೋಗಿ ಬರಬೇಕು. ಲಿನ್ನೆಯಾ ತನ್ನಜ್ಜಿಯ ಸೈಕಲ್ ತಂದುಕೊಟ್ಟಳು. ಸೀಟಿ ಊದಿದ್ದೇ ತಡ, ಉಳಿದವರೆಲ್ಲ ಬಿಲ್ಲಿನಿಂದ ಬಿಟ್ಟ ಬಾಣ. ಖುರ್ಷಿದನ ಕೈ ಮಾತ್ರ ಹಳೇ ಅಭ್ಯಾಸದಂತೆ ತಾನಾಗಿಯೇ ಬ್ರೇಕ್ ಹಿಡಿಯಿತು. ಕಾಲು ಊರದೆ, ಉಸಿರು ಬಿಡದೆ, ಗೆರೆಯ ಮೇಲೇ ನಿಂತ. ಯಾರೋ ಪುಣ್ಯಾತ್ಮರ ಪ್ರತಿಮೆ ಇರಬೇಕೆಂದು ಪಾರಿವಾಳವೊಂದು ಹ್ಯಾಂಡಲ್ ಮೇಲೆ ಬಂದು ಕೂತಿತು.

"ಗೋ, ಖುರ್ಷಿದ್, ಗೋ!" ಎಂದು ಲಿನ್ನೆಯಾ ಚೀರಿದ ಮೇಲೆ ಪಾರಿವಾಳ ಹಾರಿತು, ಅದರ ಹಿಂದೆ ಖುರ್ಷಿದ್. ಆದರೆ ಸಮತೋಲಕ್ಕೆಂದು ಆಗಾಗ ಪೆಡಲನ್ನು ಹಿಂದಕ್ಕೆ ತುಳಿಯುವುದು ಸ್ಲೋ ರೇಸಿನವರ ವಿದ್ಯೆ. ಆ ಅಜ್ಜಿಯ ಸೈಕಲ್ಲಿನಲ್ಲಿ ಹಿಂದಕ್ಕೆ ತುಳಿದರೆ ಅದೂ ಬ್ರೇಕೇ! ನಾಲ್ಕು ಮಾರು ಮುಂದೆ, ಕಿರ್ರ್. ಮತ್ತೆ ನಾಲ್ಕು ಮಾರು, ಕಿರ್ರ್. ವಾಕರ್ ತಳ್ಳುತ್ತಿದ್ದ ಮುದುಕಿಯೊಬ್ಬಳು "ಹೇ ಹೇ" ಎಂದು ನಮಸ್ಕರಿಸಿ ಅವನನ್ನು ದಾಟಿದಳು. ಅಂಗಡಿಗೆ ಹೋಗಿ ಬಂದು, ಹಾಲಿನ ಪ್ಯಾಕೆಟ್ ಸಮೇತ ಇನ್ನೊಮ್ಮೆ ದಾಟಿದಳು.

ವಾಪಸು ಬರುವಷ್ಟರಲ್ಲಿ ಬಹುಮಾನ ಹಂಚಿ, ಬಾವುಟ ಮಡಿಚಿ, ಜನ ಮನೆ ಸೇರಿದ್ದರು. ಉಳಿದದ್ದು ತಮಾಷೆ ನೋಡಲೆಂದೇ ಬಂದಿದ್ದ ಯೋಗೀಶ. ಮತ್ತೆ ರಸ್ತೆಯಂಚಿನಲ್ಲಿ ಥರ್ಮಾಸ್ ಹಿಡಿದು ಸಾಲಾಗಿ ಕೂತ ಆ ಏಳು ಜನ.

ಖುರ್ಷಿದ್ ಇಳಿದವನೇ ಎಲ್ಲ ಒಪ್ಪಿಕೊಂಡ. "ನಮ್ಮ ಕಾಲೇಜ್ ರೇಸಲ್ಲಿ ಕೊನೇಲಿ ಬಂದೋರೇ ಗೆಲ್ಲೋದು. ಅದನ್ನ ನಿಮಗೆ ಹೇಳಿರಲಿಲ್ಲ. ಸಾರಿ."

ಮೌನ. ಅದೇ ಫ್ರಿಜ್ಜಿನ ಮೌನ. ಮುಗಿಯಿತು ಎಂದುಕೊಂಡ.

"ಹಾಗಾದ್ರೆ," ಲಿನ್ನೆಯಾ ತುಂಬ ಯೋಚಿಸಿ ಕೇಳಿದಳು, "ಇವತ್ತೂ ನೀನೇ ಚಾಂಪಿಯನ್ನಾ?"

ನಗುವುದಕ್ಕೂ ಸಮಿತಿ ರಚಿಸುವ ಜನ, ಆದರೆ ಅಂದು ಸಮಿತಿಯಿಲ್ಲದೆಯೇ ನಕ್ಕರು. ನಕ್ಕ ಮೇಲೆ, ಬರುವ ವರ್ಷ ಸ್ಲೋ ರೇಸ್ ನಡೆಸಲು ಅಲ್ಲೇ ಸಮಿತಿ ರಚಿಸಿದರು. ಖುರ್ಷಿದನ ಕೈಗೆ ಕಾಫಿ ಬಂತು, ಬನ್ನು ಬಂತು.

ಯೋಗೀಶನಿಗೆ ತಡೆಯಲಾಗಲಿಲ್ಲ. "ಇಡೀ ಕರ್ನಾಟಕದ ಮಾನ ಕಳೆದ್ಯಲ್ಲೋ! ನಾನು ಈ ದೇಶಕ್ಕೆ ಬಂದಾಗಿಂದ ಒಂದ್ರಲ್ಲೂ ಸೆಕೆಂಡ್ ಬಂದಿಲ್ಲ, ಗೊತ್ತಾ?"

ಖುರ್ಷಿದ್ ಬನ್ನು ಅಗಿದು, ನಿಧಾನವಾಗಿ ನುಂಗಿದ. ನಿಧಾನ ಅವನ ವಿದ್ಯೆಯಲ್ಲವೇ?

"ಗೊತ್ತು ಅಣ್ಣ. ಅದಕ್ಕೇ ಥರ್ಮಾಸ್ ಹಿಡ್ಕೊಂಡು ನಿಮ್ಮನ್ನ ಯಾರೂ ಕಾಯಲ್ಲ."