ಲೈನ್‌ಮ್ಯಾನ್ ಜೇಬಿನ ಫ್ಯೂಸು

ಮನೆಗೆ ಸೋಲಾರ್ ಹಾಕಿಸುವ ಮುಂಚೆ ನಮ್ಮ ಯಜಮಾನರು ತಿಂಗಳುಗಟ್ಟಲೆ ಲೆಕ್ಕ ಹಾಕಿದರು. ಊಟಕ್ಕೆ ಕುಳಿತರೂ ಅದೇ, ಹಾಲು ಕರೆಯುವಾಗಲೂ ಅದೇ. ಫ್ರಿಜ್ಜು, ನೀರಿನ ಮೋಟರು, ಮೇವು ಕತ್ತರಿಸುವ ಯಂತ್ರ ಎಲ್ಲ ಸೇರಿ ಬಿಟ್ಟಿ ಕರೆಂಟಿನ ಮಿತಿ ದಾಟುತ್ತಿತ್ತು. ದಾಟಿದರೆ ಪೂರ್ತಿ ಬಿಲ್ಲು. ಸೋಲಾರ್ ಹಾಕಿಸಿದರೆ ಹಾಕಿದ ದುಡ್ಡು ಕೆಲವೇ ವರ್ಷದಲ್ಲಿ ವಾಪಸ್ಸು, ಆಮೇಲೆ ಬಿಸಿಲೆಲ್ಲ ನಿಮ್ಮದೇ ಎಂದು ಹುಣಸೂರಿನ ಅಂಗಡಿಯವನು ತಲೆಗೆ ತುಂಬಿದ್ದ. ಬ್ಯಾಟರಿಯೂ ಬೇಕೆಂದರೆ ಖರ್ಚು ಹೆಚ್ಚುಕಡಿಮೆ ಎರಡರಷ್ಟು ಎಂದದ್ದೇ ತಡ, ಇವರು ಬ್ಯಾಟರಿ ಬೇಡವೆಂದುಬಿಟ್ಟರು. ಕರೆಂಟ್ ಹೋದಾಗ ಏನು ಗತಿ ಎಂದು ನಾನು ಕೇಳಿದೆ. ಬಿಸಿಲಿದ್ದರೆ ಸಾಲದೇ ಎಂದು ನನ್ನ ಬಾಯಿ ಮುಚ್ಚಿಸಿದರು.

ಸಾಲದು ಎಂದು ಗೊತ್ತಾಗಿದ್ದು ಮೊದಲ ಗಾಳಿ ಮಳೆಗೆ. ತೆಂಗಿನ ಗರಿ ಬಿದ್ದು ಬೀದಿಯ ತಂತಿ ಕಡಿದುಹೋಗಿತ್ತು. ಬೆಳಿಗ್ಗೆ ಸುಡುವ ಬಿಸಿಲು, ಮನೆಯಲ್ಲಿ ಮಾತ್ರ ಕರೆಂಟಿಲ್ಲ. ಫೋನ್ ಮಾಡಿದರೆ ಅಂಗಡಿಯವನು, ಲೈನಿನಲ್ಲಿ ಕರೆಂಟ್ ಇಲ್ಲದಿದ್ದರೆ ಬ್ಯಾಟರಿ ಇಲ್ಲದ ಸೋಲಾರೂ ನಿಂತುಹೋಗುತ್ತದೆ, ಕಂಬ ಹತ್ತಿದವರಿಗೆ ಶಾಕ್ ಹೊಡೆಯಬಾರದಲ್ಲ ಎಂದು ಸಲೀಸಾಗಿ ಹೇಳಿದ.

ತೊಟ್ಟಿಯಲ್ಲಿ ನೀರಿರಲಿಲ್ಲ, ದನಗಳು ಒದರುತ್ತಿದ್ದವು. ಇವರಿಗೆ ಎಲ್ಲಿಲ್ಲದ ಸಿಟ್ಟು. ಹತ್ತಿರದ ಪೇಟೆ ಹ್ಯಾಂಡ್‌ಪೋಸ್ಟಿಗೆ ಹೋಗಿ ಶಾಮಿಯಾನದವನ ಜನರೇಟರ್ ತಂದರು. ಎರಡೂ ತುದಿಗೆ ಪಿನ್ನಿರುವ ವೈರನ್ನು ಒಂದು ಕಡೆ ಅದಕ್ಕೂ ಇನ್ನೊಂದು ಕಡೆ ಗೋಡೆಯ ಪ್ಲಗ್ಗಿಗೂ ಚುಚ್ಚುವುದು ನಮ್ಮಲ್ಲಿ ಹಲವರು ಮಾಡುವ ಕೆಲಸ. ಅದಕ್ಕೂ ಮುಂಚೆ ಮನೆಯ ಮೇನ್ ಸ್ವಿಚ್ ಇಳಿಸಲೇಬೇಕು. ಇಲ್ಲದಿದ್ದರೆ ಜನರೇಟರಿನ ಕರೆಂಟ್ ಬೀದಿಯ ತಂತಿಗೂ ಹರಿಯುತ್ತದೆ. ಇವರು ಮರೆಯಲಿಲ್ಲ. ಮೇನ್ ಇಳಿಸಿದ್ದನ್ನು ನಾನೇ ನೋಡಿದೆ. ಇಳಿಸಿ ಹಿತ್ತಲಿಗೆ ಹೋದರು.

ನಾನು ಬೀದಿಗೆ ಬಂದೆ. ನಮಗೂ ಎದುರು ಮನೆಗೂ ಒಂದೇ ಕಂಬ. ಲೈನ್‌ಮ್ಯಾನ್ ಅದಕ್ಕೆ ಏಣಿ ಒರಗಿಸಿ ಹತ್ತುತ್ತಿದ್ದ. ಊರಿಗೆ ಬಂದಾಗಲೆಲ್ಲ ನಮ್ಮ ಮನೆಯ ಮಜ್ಜಿಗೆ ಕುಡಿಯದೆ ಹೋಗುತ್ತಿರಲಿಲ್ಲ ಅವನು. ಹಿತ್ತಲಲ್ಲಿ ಜನರೇಟರ್ ಸದ್ದು ಮಾಡಿತು. ಆ ಕ್ಷಣಕ್ಕೇ ಎದುರು ಮನೆಯ ಜಗುಲಿಯ ಬಲ್ಬು ಹತ್ತಿಕೊಂಡಿತು.

ಕರೆಂಟ್ ಬಂತು ಎಂದು ಆ ಮನೆಯಾಕೆ ಖುಷಿಯಿಂದ ಕೂಗಿದಳು. ಲೈನ್‌ಮ್ಯಾನ್ ಕೈ ತಂತಿಯತ್ತ ಚಾಚಿತ್ತು.

"ಮುಟ್ಬ್ಯಾಡ ಕಣಣ್ಣ!"

ಅಷ್ಟು ಕಿರುಚಿ ಒಳಗೆ ಓಡಿದೆ. ಮೇನ್ ಮತ್ತೆ ಮೇಲೇರಿತ್ತು. ಎಳೆದು ಇಳಿಸಿದೆ. ಪಕ್ಕದಲ್ಲೇ ನಮ್ಮತ್ತೆ ನಿಂತಿದ್ದರು.

"ಮೇನ್ ಇಳಿಸ್ಬುಟ್ರೆ ಕರೆಂಟ್ ಬಂದುದ್ದು ಎಂಗೆ ಗೊತ್ತಾಯ್ತದೆ?" ಎಂದರು.

ಕರೆಂಟ್ ಹೋದಾಗ ಒಂದು ಬಲ್ಬಿನ ಸ್ವಿಚ್ ಹಾಕಿಯೇ ಇಡುವುದು ನಮ್ಮೂರಿನ ರೂಢಿ, ಬಂದ ಕೂಡಲೇ ತಿಳಿಯಲಿ ಎಂದು. ನಮ್ಮತ್ತೆ ಜೀವಮಾನವೆಲ್ಲ ಹಾಗೇ ಕಾದವರು. ಇಳಿದಿದ್ದ ಮೇನ್ ನೋಡಿ, ಯಾರೋ ಬುದ್ಧಿಯಿಲ್ಲದೆ ಇಳಿಸಿದ್ದಾರೆಂದು ಏರಿಸಿದ್ದರು.

ಹೊರಗೆ ಬಂದರೆ ಲೈನ್‌ಮ್ಯಾನ್ ತಂತಿ ಮುಟ್ಟದೆ ಇಳಿದು, ಏಣಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದ. ಲೈನಿಗೆ ಕರೆಂಟ್ ಹರಿಯದಂತೆ ಹತ್ತುವ ಮುಂಚೆ ಟ್ರಾನ್ಸ್‌ಫಾರ್ಮರಿನಿಂದ ಕಿತ್ತಿಟ್ಟುಕೊಂಡ ಫ್ಯೂಸನ್ನು ಜೇಬಿನಿಂದ ತೆಗೆದು ನನ್ನ ಮುಂದೆ ಹಿಡಿದ.

"ಫ್ಯೂಸ್ ನನ್ ಜೋಬಲ್ಲೈತೆ ಕಣಮ್ಮ. ಕರೆಂಟ್ ಎಲ್ಲಿಂದ ಬಂತು?"

ಹಿತ್ತಲಿಂದ ಬಂದ ಯಜಮಾನರು ಅದನ್ನು ಕೇಳಿಸಿಕೊಂಡರು. ಮರುವಾರವೇ ಬ್ಯಾಟರಿ ಬಂತು. ಯಾವುದು ಅಗ್ಗ, ಯಾವುದು ದುಬಾರಿ ಎಂಬ ಮಾತನ್ನು ಅವರು ಆಮೇಲೆ ಎತ್ತಿಲ್ಲ.

ಲೈನ್‌ಮ್ಯಾನ್ ಈಗಲೂ ಬರುತ್ತಾನೆ. ಕಂಬ ಹತ್ತುವ ಮೊದಲು ಟ್ರಾನ್ಸ್‌ಫಾರ್ಮರಿನ ಫ್ಯೂಸನ್ನು ಒಂದು ಜೇಬಿಗೆ ಹಾಕಿಕೊಂಡು, ಸೀದಾ ನಮ್ಮ ಮನೆಗೆ ಬಂದು, ಯಾರನ್ನೂ ಕೇಳದೆ ನಮ್ಮ ಫ್ಯೂಸನ್ನೂ ಕಿತ್ತು ಇನ್ನೊಂದು ಜೇಬಿಗೆ ಹಾಕಿಕೊಳ್ಳುತ್ತಾನೆ. ಮಜ್ಜಿಗೆ ಕೊಡಲು ಹೋದರೆ ಬೇಡ ಎನ್ನುತ್ತಾನೆ.