ಮಗಳ ಎತ್ತಿನ ಕೊಂಬು

ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂತೆಂದರೆ ಹುನಗುಂದದ ನಮ್ಮ ಓಣಿಯ ಮಕ್ಕಳೆಲ್ಲ ನನ್ನ ಪಡಸಾಲೆಯಲ್ಲೇ ಇರುತ್ತಿದ್ದರು. ನಾನು ಸಾಲೆಯಲ್ಲಿ ಪಾಠ ಹೇಳುವ ಅಕ್ಕೋರು. ಹಬ್ಬದ ಪೂಜೆಗೆ ಮಣ್ಣಿನ ಎತ್ತು ಮಾಡಿಸುವುದರಲ್ಲಿ ನನಗೆ ಸರಿಸಾಟಿ ಇಲ್ಲ ಎಂಬ ಜಂಬ ಬೇರೆ. ಮಕ್ಕಳು ಎರೆಮಣ್ಣು ನಾದಿ ಏನೋ ಒಂದು ಆಕಾರ ಮಾಡುತ್ತಿದ್ದರು. ನಾನು ಕಾಲು ನೆಟ್ಟಗೆ ಮಾಡಿ, ಕೊಂಬು ತಿದ್ದಿ, ಜೋಳದ ಕಾಳಿನ ಕಣ್ಣು ಕೂರಿಸಿ ಕೊಡುತ್ತಿದ್ದೆ. ಸಾಲಾಗಿ ಇಟ್ಟರೆ ಎಲ್ಲವೂ ಒಂದೇ ಆಕಳ ಕರುಗಳಂತೆ ಕಾಣುತ್ತಿದ್ದವು.

ಹೋದ ವರ್ಷ ಎದುರುಮನೆಗೆ ಇಳಕಲ್ಲಿನ ನೇಕಾರರ ಮನೆಯ ಹೆಣ್ಣುಮಗಳೊಬ್ಬಳು ಬಾಡಿಗೆಗೆ ಬಂದಳು. ಗಂಡನಿಗೆ ಇಲ್ಲಿನ ಕೋರ್ಟಿನಲ್ಲಿ ಕೆಲಸ. ಅಮಾವಾಸ್ಯೆ ಹತ್ತಿರ ಬಂದಾಗ ಅವಳೂ ತನ್ನ ಕಟ್ಟೆಯ ಮೇಲೆ ಮಣ್ಣಿನ ಮುದ್ದೆ ಇಟ್ಟುಕೊಂಡು ಕೂತಳು. ಒಂದೇ ವಾರದಲ್ಲಿ ಮಕ್ಕಳೆಲ್ಲ ಆ ಕಡೆ. ಹೋದರೆ ಹೋಗಲಿ ಅಂದುಕೊಂಡೆ. ಆದರೆ ನಾಲ್ಕನೇ ಇಯತ್ತೆ ಓದುವ ನನ್ನ ಮಗಳೂ ಹೋದಳು! ಸುಳ್ಳೇಕೆ ಹೇಳಲಿ, ಹೊಟ್ಟೆಯಲ್ಲಿ ಬೆಂಕಿ ಬಿತ್ತು.

ಸಂಜೆ ಎತ್ತು ಹಿಡಿದು ಬಂದಳು. ಒಂದು ಕೊಂಬು ಆಕಾಶಕ್ಕೆ, ಇನ್ನೊಂದು ಕಿವಿಗೆ.

"ಹ್ಯಾಂಗೈತಿ ಅವ್ವಾ?"

"ಚಲೋ ಐತಿ. ಎದುರುಮನಿ ಕಾಕು ಕೊಂಬು ತಿದ್ದಲಿಲ್ಲೇನ?"

"ಆಕಿ ಮುಟ್ಟೂದ ಇಲ್ಲ!" ಎಂದು ಕುಣಿದಳು.

ಮರುದಿನ ಮಗಳು ಸ್ನಾನಕ್ಕೆ ಹೋದಾಗ ನನಗೆ ತಡೆಯಲಾಗಲಿಲ್ಲ. ಅಕ್ಕೋರ ಮಗಳ ಎತ್ತು ಹೀಗಿದ್ದರೆ ಓಣಿಯವರು ಏನಂದಾರು? ಬೆರಳು ಒದ್ದೆ ಮಾಡಿ ಕೊಂಬನ್ನು ಮೆಲ್ಲಗೆ ಬಗ್ಗಿಸಿದೆ. ಅರ್ಧ ಒಣಗಿದ ಮಣ್ಣು, ಟಕ್ಕನೆ ಮುರಿಯಿತು.

"ಬೆಕ್ಕು ಕೆಡವಿರಬೇಕು," ಎಂದೆ ಅವಳು ಬಂದಾಗ.

ಮಗಳು ನನ್ನ ಬೆರಳಿನ ಮಣ್ಣು ನೋಡಿದಳು. ಎತ್ತನ್ನೂ ಮುರಿದ ಕೊಂಬನ್ನೂ ಎತ್ತಿಕೊಂಡು ಎದುರುಮನೆಗೆ ನಡೆದಳು. ಒಂದು ನಿಮಿಷದಲ್ಲಿ ಸರಿಮಾಡಬಲ್ಲ ತಾಯಿ ನಾನು ಮನೆಯಲ್ಲೇ ಇದ್ದೆ. ನಮ್ಮ ಕದದ ಹಿಂದೆ ನಿಂತು ಇಣುಕುತ್ತ ಕೇಳಿಸಿಕೊಂಡೆ.

"ಕೊಂಬು ಮುರೀತ್ರಿ ಕಾಕು."

"ಯಾರ ಮುರದ್ರು?"

ನಾನು ಕದಕ್ಕೆ ಇನ್ನಷ್ಟು ಒತ್ತಿ ನಿಂತೆ.

"ಬೆಕ್ಕು," ಎಂದಳು ನನ್ನ ಮಗಳು.

"ಹಂಗಾದ್ರ ನೀನ ಹಚ್ಚು. ನಾ ಇಲ್ಲೇ ಕುಂತಿರ್ತೇನಿ."

ಮಗಳು ಕೊಂಬು ಹಚ್ಚಿದಳು, ಮೊದಲಿಗಿಂತ ಸೊಟ್ಟ. ಅದನ್ನು ನೋಡಿ ಇಬ್ಬರೂ ಬಿದ್ದುಬಿದ್ದು ನಕ್ಕರು. ಮಗಳು ನನ್ನ ಸುಳ್ಳು ಮುಚ್ಚಿದ ನಾಚಿಕೆಯಿಂದ ನನ್ನ ಹೊಟ್ಟೆಕಿಚ್ಚು ಆರಬೇಕಿತ್ತು, ಆರಲಿಲ್ಲ. ಇಷ್ಟು ವರ್ಷ ನನ್ನ ಪಕ್ಕದಲ್ಲಿ ಕೂತು ಎತ್ತು ಮಾಡಿದ ಮಗಳು ಒಂದು ಸಲವೂ ಹಾಗೆ ನಕ್ಕಿರಲಿಲ್ಲ.